ಹೊಸಬಳು ಮೊದಲು ಉಣ್ಣಬೇಕು

ಜುಲೈ 3, ಬುಧವಾರ

ಇವತ್ತೂ ಒಬ್ಬಳೇ ಉಂಡೆ. ಆಸ್ಪತ್ರೆಯ ಸ್ಟೋರಿನ ಹಿಂದಿನ ಸಣ್ಣ ರೂಮು. ಒಂದು ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಸಲಾಯಿನ್ ಬಾಟಲಿಗಳ ಖಾಲಿ ರಟ್ಟಿನ ಡಬ್ಬಗಳು. ಗಂಟೆ ಒಂದಾಗುತ್ತಲೇ ಖಾದರಬಿ ಸಿಸ್ಟರ್ ಬಂದು ಅನ್ನುತ್ತಾರೆ — "ನೇತ್ರಾ, ಕೈಯಾಗಿಂದು ಬಿಡು. ನೀ ಮೊದಲ ಉಂಡು ಬಾ, ಹೋಗು." ದಿನಾ ಇದೇ ಮಾತು, ಇದೇ ದನಿ. ವಾರ್ಡಿನ ಇನ್‌ಚಾರ್ಜ್ ಅವರೇ. ಇಲ್ಲ ಅನ್ನುವಂತಿಲ್ಲ.

ನಾನು ಮುಗಿಸಿ ಹೊರಗೆ ಬಂದ ಮೇಲೆ ಅದೇ ರೂಮಿನಿಂದ ನಗು ಕೇಳುತ್ತದೆ. ಅಂದರೆ ಉಳಿದವರು ಆಮೇಲೆ ಕೂಡಿ ಉಣ್ಣುತ್ತಾರೆ. ನನ್ನನ್ನು ಮೊದಲೇ ಸಾಗಹಾಕಿ.

ಸೋಮವಾರ, ಕೆಲಸಕ್ಕೆ ಸೇರಿದ ದಿನ, ಖಾದರಬಿ ಕೇಳಿದ ಮೊದಲ ಪ್ರಶ್ನೆ — "ಮೊರಬದಾಗ ಯಾವ ಓಣಿವಾ ನಿಮ್ದು?" ಈ ಪ್ರಶ್ನೆ ನನಗೆ ಹೊಸದಲ್ಲ. ಹೈಸ್ಕೂಲಿನಲ್ಲಿ ಕೇಳಿದ್ದಾರೆ, ಹಾಸ್ಟೆಲಿನಲ್ಲಿ ಕೇಳಿದ್ದಾರೆ. ಓಣಿ ಕೇಳುವವರಿಗೆ ಓಣಿ ಬೇಕಾಗಿರುವುದಿಲ್ಲ. ಹೇಳಿದೆ. "ಹಾಂ" ಅಂದರು. ಮುಂದೆ ಮಾತಿಲ್ಲ. ಅವತ್ತಿನಿಂದ ನನ್ನದು ಒಂಟಿ ಊಟ.

ನರ್ಸಿಂಗ್ ಕಾಲೇಜಿನ ಕೊನೆಯ ಕ್ಲಾಸಿನಲ್ಲಿ ಮೇಡಂ ಹೇಳಿದ್ದರು — ರೋಗಿಗಳ ಜೊತೆ ನಿಮ್ಮನ್ನೂ ನೋಡಿಕೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ, ನೀರು ಕುಡಿಯಿರಿ, ಮನಸ್ಸಿನಲ್ಲಿದ್ದದ್ದು ಯಾರಿಗಾದರೂ ಹೇಳಿ, ಇಲ್ಲವೇ ಬರೆಯಿರಿ. ಹೇಳಲು ಯಾರೂ ಇಲ್ಲ. ಬರೆಯುತ್ತಿದ್ದೇನೆ.

ಜುಲೈ 5, ಶುಕ್ರವಾರ

ಸ್ಟಾಫಿನ ಸಂಡಾಸಿಗೆ ಕೀಲಿ. ಕೀಲಿಕೈ ಖಾದರಬಿಯವರ ಸೊಂಟದಲ್ಲಿ. "ಬೇಕಾದಾಗ ಇಸ್ಕೊ" ಅಂದಿದ್ದರು. ನಿನ್ನೆ ಕೇಳಿದೆ. ಡಾಕ್ಟರ್ ಮೇಡಂ ಜೊತೆ ರೌಂಡ್ಸಿನಲ್ಲಿದ್ದರು. "ತಡಿ" ಅಂದು ಹೋದವರು ಮರೆತೇಬಿಟ್ಟರು. ಮರೆತರೋ, ಮರೆತಂತೆ ಮಾಡಿದರೋ. ನಾನು ಗೋಡೆ ಹಿಡಿದು ನಿಂತೇ ಇದ್ದೆ. ರೋಗಿಗಳ ಸಂಡಾಸು ಇದೆ, ಆದರೆ ಅದರ ಬಾಗಿಲಿಗೆ ಚಿಲಕವಿಲ್ಲ.

ಇನ್ನೊಮ್ಮೆ ಕೇಳುವವಳು ನಾನಲ್ಲ. ಉಪಾಯ ಸಿಕ್ಕಿದೆ. ಮುಂಜಾನೆ ಮನೆಯಲ್ಲಿ ಒಂದು ಕಪ್ಪು ಚಹಾ. ಆಮೇಲೆ ಸಂಜೆ ನವಲಗುಂದದಿಂದ ಬಸ್ಸು ಹತ್ತಿ ಮನೆ ಮುಟ್ಟುವವರೆಗೆ ನೀರು ಬಂದ್. ಕುಡಿದರೆ ತಾನೇ ಹೋಗಬೇಕು.

ಅವ್ವನ ಮುಂದೆ ಒಂಟಿ ಊಟದ ಸುದ್ದಿ ಹೇಳಿದೆ. ರೊಟ್ಟಿ ಬಡಿಯುತ್ತಲೇ ಅಂದಳು — "ಮೊದಲಿನ ಮಂದಿ ಮುಖದ ಮ್ಯಾಲೆ ಅಂತಿದ್ರು. ಈಗ ಯಾರೂ ಬಾಯಿ ಬಿಟ್ಟು ಅನ್ನೂದಿಲ್ಲ, ನಾವ ತಿಳ್ಕೋಬೇಕು. ನೀ ಏನೂ ಕೇಳಾಕ ಹೋಗಬ್ಯಾಡ. ಕೆಲಸದಾಗ ಬೆರಳ ತೋರಸಾಕ ಬರದಂಗ ಇರು."

ಹಾಗೇ ಇದ್ದೇನೆ.

ಜುಲೈ 11, ಗುರುವಾರ

ಈ ಆಸ್ಪತ್ರೆಯಲ್ಲಿ ಮನುಷ್ಯರೂ ಇದ್ದಾರೆ. ಸುನೀತಕ್ಕ. ನನಗಿಂತ ಐದಾರು ವರ್ಷ ಹಿರಿಯಳು, ಇದೇ ವಾರ್ಡು, ನವಲಗುಂದದಲ್ಲೇ ಗಂಡನ ಮನೆ. ಇವತ್ತು ಡಬ್ಬಿಯಲ್ಲಿ ಗೋಧಿ-ಬೆಲ್ಲದ ಮಾದಲಿ ತಂದು ನನ್ನ ಕೈಗೇ ಹಾಕಿದಳು. "ತಿನ್ನು ತಂಗಿ, ಎಷ್ಟ ಸೊರಗೀದಿ. ನಾ ನಿಮ್ಮಕ್ಕ ಇದ್ದಂಗ ಅಂತ ತಿಳ್ಕೊ." ಕಣ್ಣಲ್ಲಿ ನೀರು ಬಂತು. ಹಾಳು ಕಣ್ಣು, ಇಷ್ಟಕ್ಕೇ.

ನಾನೂ ಪುಂಡಿಪಲ್ಯ ಮುಂದಿಟ್ಟೆ. "ಇವತ್ತ ಗುರುವಾರಲ್ಲ, ಒಪ್ಪತ್ತು ನಂದು" ಅಂದಳು. ದೇವರ ಮೇಲೆ ಭಕ್ತಿ ಇರುವವಳು.

ಹೋಗುವಾಗ ದನಿ ತಗ್ಗಿಸಿ ಹೇಳಿದಳು — "ಖಾದರಬಿ ಸಿಸ್ಟರ್ ನಿನ್ನ ಮ್ಯಾಲೆ ಅಗದಿ ಕಣ್ಣ ಇಟ್ಟಾರ ನೋಡು. ಹುಷಾರ ಇರು." ಗೊತ್ತು ಅಕ್ಕಾ, ನನಗೆ ಗೊತ್ತು.

ಜುಲೈ 17, ಬುಧವಾರ

ಕಣ್ಣಿಟ್ಟಿರುವುದು ನಿಜ. ಇವತ್ತು ನನ್ನ ನೀರಿನ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ತುಂಬಿದ್ದು ತುಂಬಿದಂತೇ ಇತ್ತು. ಏನೂ ಅನ್ನದೆ ಇಟ್ಟರು. ಏನು ಹುಡುಕುತ್ತಿದ್ದರು? ಮುಟ್ಟಿದರಲ್ಲ ಅಂತ ಒಂದು ಕ್ಷಣ ಆಶ್ಚರ್ಯ. ಆಮೇಲೆ ಕೈ ತೊಳೆದರು. ದಿನವೆಲ್ಲ ಕೈ ತೊಳೆಯುವುದು ನಮ್ಮ ಕೆಲಸವೇ. ಆದರೂ ನೋಡಿದ್ದೇನೆ, ಬರೆದಿಡುತ್ತೇನೆ.

ಇನ್ನೊಂದು. ಮುಂಜಾನೆಯ ಮೊದಲ ಪಾಳಿ ನನಗೆ ಒಮ್ಮೆಯೂ ಹಾಕಿಲ್ಲ. ಎಲ್ಲರಿಗೂ ಸರದಿ ಬರುತ್ತದೆ, ನನ್ನ ಹೆಸರು ಮಾತ್ರ ಹಾರಿಹೋಗುತ್ತದೆ. ಮುಂಜಾನೆ ಔಷಧದ ಕಪಾಟು ತೆಗೆಯುವವಳು ನಾನಾಗಬಾರದು ಅಂತಲೇ? ಕಳ್ಳಿಯ ಹಾಗೆ ಕಾಣುತ್ತೇನೆಯೇ?

ಸುನೀತಕ್ಕನಿಗೆ ಶೇಂಗಾ ಚಟ್ನಿ ಒಯ್ದಿದ್ದೆ. ಇವತ್ತು ಏಕಾದಶಿಯಂತೆ.

ಜುಲೈ 30, ಮಂಗಳವಾರ

ಸುನೀತಕ್ಕ ಡ್ರೆಸಿಂಗ್ ಟ್ರಾಲಿಯ ಹಿಂದೆ ಕರೆದು ಹೇಳಿದಳು. "ನಿನ್ನ ಹೆಸರು ಡಾಕ್ಟರ್ ಮೇಡಂ ಹಂತ್ಯಾಕ ಹೋಗೇತಿ. ಖಾದರಬಿ ಏನೋ ಹೇಳ್ಯಾರ. ನಾ ಹೇಳೀನಿ ಅಂತ ಅನಬ್ಯಾಡ ಮತ್ತ."

ಅಂದರೆ ಮುಗಿಯಿತು. ಮೂರು ತಿಂಗಳು ನೋಡುತ್ತೇವೆ ಅಂದಿದ್ದರು, ಒಂದು ತಿಂಗಳಿಗೇ ನೋಡಿ ಮುಗಿಸಿದರು. ಅವರು ತೆಗೆಯುವ ಮೊದಲು ನಾನೇ ಬಿಡುತ್ತೇನೆ. ಪಂಚಮಿ ಮುಗಿಯಲಿ. ಆಗಸ್ಟ್ ಮುಗಿಯುವುದರೊಳಗೆ ಬಿಟ್ಟೆ ಅಂತಲೇ ಲೆಕ್ಕ. ಬೇರೆ ಆಸ್ಪತ್ರೆ ಅಲ್ಲ, ನರ್ಸಿಂಗೇ ಬೇಡ. ಅಪ್ಪನಿಗೆ ಏನು ಹೇಳಲಿ? ಮಗಳು ಸಿಸ್ಟರ್ ಆಗಿದ್ದಾಳೆ ಅಂತ ಬಸ್ಸಿನ ಕಂಡಕ್ಟರ್‌ಗೂ ಹೇಳಿದ್ದಾನೆ.

ಬೆನ್ನು ನೋಯುತ್ತಿದೆ. ನಿಂತು ನಿಂತು ಇರಬೇಕು.

ಆಗಸ್ಟ್ 10, ಶನಿವಾರ

ಪಂಚಮಿ ಉಂಡಿ ಹಂಚಿದ್ದಾಯಿತು. ಸುನೀತಕ್ಕ ನನಗೆ ದೊಡ್ಡ ಡಬ್ಬಿ ತುಂಬ ತಂದಿದ್ದಳು, ಶೇಂಗಾ, ರವೆ, ಎಳ್ಳು, ಅಳ್ಳಿಟ್ಟು. ನಾನೂ ಅವ್ವ ಕಟ್ಟಿದ್ದನ್ನು ಒಯ್ದಿದ್ದೆ. ಆಕೆಗೆಂದೇ ಬೇರೆ ಡಬ್ಬಿ, ಮೇಲೆ ಹೊಸ ಕರ್ಚೀಫು ಸುತ್ತಿ. "ಇಲ್ಲಿ ಬ್ಯಾಡ, ಮನಿಗೆ ಒಯ್ದು ಎಲ್ಲಾರೂ ತಿಂತೀವಿ" ಅಂದಳು. ಖುಷಿಯಾಯಿತು. ಅವ್ವನಿಗೆ ಹೇಳಿದೆ, ಅವಳೂ ಹಿಗ್ಗಿದಳು.

ಖಾದರಬಿಗೂ ಒಂದು ಕೊಡು ಅಂದಿದ್ದಳು ಅವ್ವ. ಕೊಡಲಿಲ್ಲ. ಬೇಡ ಅನ್ನಿಸಿಕೊಳ್ಳುವ ಹಣೆಬರಹ ನನಗ್ಯಾಕೆ?

ಆಗಸ್ಟ್ 12, ಸೋಮವಾರ

ಮೂತ್ರಕ್ಕೆ ಹೋದಾಗ ಉರಿ. ಎರಡು ದಿನದಿಂದ. ಏನೆಂದು ನನಗೆ ಗೊತ್ತು, ಓದಿದ್ದೇನಲ್ಲ. ರೋಗಿಗಳಿಗೆ ದಿನಾ ಹೇಳುತ್ತೇನೆ, ನೀರು ಚೆನ್ನಾಗಿ ಕುಡೀರಿ ಅಂತ. ಮೈ ಬಿಸಿ ಇದೆ. ರಜೆ ಕೇಳಿದರೆ ಅವರಿಗೆ ಒಂದು ನೆಪ ಸಿಕ್ಕಂತೆ. ಕೇಳುವುದಿಲ್ಲ.

ಆಯಾ ಮಲ್ಲಮ್ಮ ನೆಲ ಒರೆಸುತ್ತ ಅಂದಳು — "ನಿಮ್ಮವ್ವನ ಉಂಡಿ ಅಗದಿ ಛಲೋ ಆಗಿದ್ವು ಸಿಸ್ಟರ್. ಡಬ್ಬಿ ತುಂಬ ಇದ್ವಲ್ಲ, ಹುಡುಗರು ಎರಡ ದಿನ ತಿಂದ್ರು." ಮಲ್ಲಮ್ಮನಿಗೆ ನಾನು ಉಂಡಿ ಕೊಟ್ಟಿರಲಿಲ್ಲ. ಸುನೀತಕ್ಕ ಕೊಟ್ಟಿದ್ದಾಳೆ. ಆಕೆಗೆ ಸಿಹಿ ಹಿಡಿಸುವುದಿಲ್ಲವೇನೋ. ಇಲ್ಲ, ಮಲ್ಲಮ್ಮನ ಮನೆಯಲ್ಲಿ ಮಕ್ಕಳಿದ್ದಾರೆ ಅಂತ ಕೊಟ್ಟಿರಬೇಕು. ಒಳ್ಳೆಯ ಮನಸ್ಸು.

ತಲೆ ಸುತ್ತುತ್ತಿದೆ. ಸಾಕು.

ಆಗಸ್ಟ್ 16, ಶುಕ್ರವಾರ — ವಾರ್ಡಿನಲ್ಲೇ, ಕಿಟಕಿ ಪಕ್ಕದ ಬೆಡ್ಡು

ಎಡಗೈಗೆ ಸಲಾಯಿನ್ ಇದೆ. ಬಲಗೈ ಖಾಲಿ, ಬರೆಯಬಹುದು.

ಮಂಗಳವಾರ ಮುಂಜಾನೆ ಒಬ್ಬ ಅಜ್ಜಿಗೆ ಇಂಜೆಕ್ಷನ್ ಕೊಡಲು ಹೋಗಿದ್ದೆ. ಅವಳ ಕೈ ಹಿಡಿದೆ. ಅಜ್ಜಿ ಕೈ ಎಳೆದುಕೊಂಡು ನನ್ನ ಮುಖ ನೋಡಿದಳು. "ಯವ್ವಾ, ಜ್ವರಾ ನನಗೋ ನಿನಗೋ? ನಿನ್ನ ಕೈ ಹಂಚ ಕಾದಂಗ ಕಾದಾವಲ್ಲ." ಅಷ್ಟರಲ್ಲಿ ಥಂಡಿ ಹತ್ತಿತು. ಹಲ್ಲು ಕಟಕಟ. ಸಿರಿಂಜು ನಡುಗುತ್ತಿತ್ತು. ಹಿಂದಿನಿಂದ ಯಾರೋ ಬಂದು ನನ್ನ ಬೆರಳುಗಳಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡರು. ಖಾದರಬಿ. ಆಮೇಲೆ ನೆಲ ಮೇಲೆ ಬಂದಂತಾಯಿತು.

ಸೋಂಕು ಕಿಡ್ನಿಯವರೆಗೆ ಹೋಗಿದೆಯಂತೆ. ಡಾಕ್ಟರ್ ಮೇಡಂ ರಿಪೋರ್ಟು ನೋಡಿ ನನ್ನ ಕಡೆ ನೋಡಿದರು. "ನೀವು ನರ್ಸ್ ಅದೀರೇನ್ರಿ?" ಅಂದರು.

ಮಲಗಿದಲ್ಲಿಂದ ಎಲ್ಲ ಕಾಣುತ್ತದೆ. ಸ್ಟೋರಿನ ಹಿಂದಿನ ರೂಮಿನ ಬಾಗಿಲೂ. ಎರಡು ದಿನದಿಂದ ಅದನ್ನೇ ನೋಡುತ್ತಿದ್ದೇನೆ, ಬೇರೆ ಕೆಲಸವೇನಿದೆ? ಯಾರೂ ಕೂಡಿ ಉಣ್ಣುವುದಿಲ್ಲ. ಸುನೀತಕ್ಕ ಎರಡಕ್ಕೆ ಹೋಗಿ ಐದು ನಿಮಿಷಕ್ಕೆ ಬಾಯಿ ಒರೆಸುತ್ತ ಬರುತ್ತಾಳೆ. ಖಾದರಬಿ ನಾಲ್ಕರ ಮೇಲೆ, ಕುರ್ಚಿಯ ಮೇಲೂ ಅಲ್ಲ, ಕಿಟಕಿಯ ಹತ್ತಿರ ನಿಂತು, ಅರ್ಧ ರೊಟ್ಟಿ ಸುರುಳಿ ಸುತ್ತಿ ತಿನ್ನುತ್ತಾರೆ. ಅದೂ ಪೂರ್ತಿ ಆಗುವುದಿಲ್ಲ, ಯಾರೋ ಕೂಗುತ್ತಾರೆ. ಮತ್ತೆ ಆ ನಗು? ಮಲ್ಲಮ್ಮನದು. ಮಧ್ಯಾಹ್ನ ಕಾಲು ಚಾಚಿ ಮೊಬೈಲಿನಲ್ಲಿ ವಿಡಿಯೋ ನೋಡುತ್ತಾಳೆ. ಒಂದೂವರೆ ತಿಂಗಳು ನಾನು ಸಿಟ್ಟಾಗಿದ್ದು ಒಂದು ಮೊಬೈಲಿನ ಮೇಲೆ.

ಕೀಲಿಕೈಯನ್ನು ಎಲ್ಲರೂ ಕೇಳಿಯೇ ಇಸಿದುಕೊಳ್ಳುತ್ತಾರೆ. ಡಾಕ್ಟರ್ ಮೇಡಂ ಕೂಡ. ಖಾದರಬಿ ಅವರಿಗೂ "ತಡೀರಿ" ಅನ್ನುತ್ತಾರೆ, ಅವರಿಗೂ ಮರೆಯುತ್ತಾರೆ. ಮೇಡಂ ಮತ್ತೆ ಕೇಳುತ್ತಾರೆ, ಅಷ್ಟೇ. ನಾನು ಮತ್ತೆ ಕೇಳಲಿಲ್ಲ.

ಇವತ್ತು ಬಾಯಿ ಬಿಟ್ಟು ಕೇಳಿದೆ. ಸಲಾಯಿನ್ ಬದಲಿಸಲು ಬಂದಿದ್ದರು.

"ನನಗಷ್ಟ ಯಾಕ ಮೊದಲ ಊಟಕ್ಕ ಕಳಸ್ತಿದ್ರಿ?"

"ಹೊಸಾಕಿ ಮೊದಲ ಉಣಬೇಕು. ನಮಗ ಹಸಿವಿ ತಡದು ರೂಢಿ ಆಗೇತಿ, ಅದೇನ ಛಲೋ ರೂಢಿ ಅಲ್ಲ. ಹಿಂದಕ ಒಬ್ಬಾಕಿ ಹುಡುಗಿ, ನಿನ್ನಂಗ, ಎಲ್ಲಾ ಮುಗಿಸಿ ಉಂತೀನಿ ಅಂತ ಉಳಿದಳು. ಉಳದ ಉಳದ ಹೊಟ್ಟಿ ಕೆಡಿಸ್ಕೊಂಡು ಮನಿಗೆ ಹೋದಳು. ಅಲ್ಲಿಂದ ಈ ವಾರ್ಡಿನ್ಯಾಗ ಹಿಂಗ."

"ಓಣಿ ಯಾಕ ಕೇಳಿದ್ರಿ?"

ಅವರಿಗೆ ನೆನಪೇ ಇರಲಿಲ್ಲ. ಆಮೇಲೆ ನನ್ನ ಮುಖ ನೋಡಿದರು.

"ಬಸ್‌ಸ್ಟ್ಯಾಂಡಿಗೆ ಎಷ್ಟ ದೂರ ಅಂತ ಗೊತ್ತಾಗೂದು ಬ್ಯಾಡೇನು? ಮುಂಜಾನಿ ಪಾಳಿಗೆ ಕತ್ತಲಾಗ ನಡಕೊಂಡು ಬರ್ಬೇಕು. ನಿಂದು ಊರಿನ ಆ ಕಡಿ ತುದಿ. ಅದಕ್ಕ ಹಾಕಿಲ್ಲ."

"ಮೇಡಂ ಮುಂದ ನನ್ನ ಹೆಸರು?"

"ಹೇಳೀನಿ. ಹುಡುಗಿ ನೀರ ಕುಡ್ಯೂದಿಲ್ಲ, ಬಾಟ್ಲಿ ಹಂಗ ಇರ್ತೈತಿ, ಕರದು ಕೇಳ್ರಿ ಅಂತ. ಅವ್ರು ಮರತ್ರು."

ನಾಚಿಕೆಯಾಯಿತು. ಅದರ ಜೊತೆ ಸಿಟ್ಟೂ ಬಂತು. ಇದನ್ನೆಲ್ಲ ಮೊದಲೇ ಹೇಳಬಹುದಿತ್ತಲ್ರಿ ಅಂದೆ. "ನೀ ಕೇಳಬಹುದಿತ್ತಲ್ಲ ಬೇಟಾ" ಅಂದು ಹೋದರು.

ನಂಬಲೇ? ಮುಕ್ಕಾಲು ನಂಬಿದ್ದೇನೆ. ಉಳಿದ ಕಾಲು ಹಳೆಯ ಚಟ.

ಆಗಸ್ಟ್ 17, ಶನಿವಾರ

ಅವ್ವ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಬಿಳಿ ಜೋಳದ ರೊಟ್ಟಿ, ಝುಣಕಾ, ಹೆಸರುಕಾಳು ಪಲ್ಯ. ವಾರ್ಡಿಗೇ ಆಗುವಷ್ಟು. ಬಂದವಳು ಬೆಡ್ಡಿನ ಪಕ್ಕ ನೆಲದ ಮೇಲೆ ಕೂತಳು. ಖಾದರಬಿ ಕುರ್ಚಿ ಎಳೆದು ತಂದರು. ಅವ್ವ ಅದರ ಮೇಲೆ ಕೂರಲಿಲ್ಲ. ಅವರೂ ನೆಲಕ್ಕೇ ಕೂತು "ಏನ್ ತಂದೀರಿ ತೋರಸ್ರಿ" ಅಂದು ರೊಟ್ಟಿ ಮುರಿದರು, ಝುಣಕಾ ಹಚ್ಚಿಕೊಂಡರು. ಅವ್ವ ಅವರ ಕೈಯನ್ನೇ ನೋಡುತ್ತಿದ್ದಳು, ಪಲ್ಯ ಬಡಿಸುವುದನ್ನೂ ಮರೆತು. ನಾನೂ ನೋಡಿದೆ.

ಸುನೀತಕ್ಕ ಬಂದಳು. ಅವ್ವ ಎದ್ದು ನಿಂತು ರೊಟ್ಟಿ ಹಿಡಿದಳು. "ನಮ್ಮ ಹುಡುಗಿಗೆ ಎಷ್ಟ ಮಾಡೀರಿ ಬಾಯಾರ, ಒಂದ ತುತ್ತ ತಗೋರಿ."

"ಶ್ರಾವಣ ಶನಿವಾರಲ್ರಿ ಆಯಿ, ಇವತ್ತ ಏನೂ ಮುಟ್ಟೂದಿಲ್ಲ" ಅಂದು ಅವ್ವನ ಭುಜ ಸವರಿ ಹೋದಳು.

ಬಾಜು ಬೆಡ್ಡಿನಲ್ಲಿ ರೇವವ್ವ ಅಂತ ಇದ್ದಾರೆ, ಹೊಲಮನೆ ಇರುವವರು, ಹಣೆ ತುಂಬ ವಿಭೂತಿ. ಅವ್ವ ಹೋದ ಮೇಲೆ ಅವರ ಮಗ ಹೋಳಿಗೆ ತಂದ. ಸುನೀತಕ್ಕನನ್ನು ಕರೆದ. ನಾನು ಕಣ್ಣು ಮುಚ್ಚಿ ಮಲಗಿದ್ದೆ, ನಿದ್ದೆ ಬಂದಿರಲಿಲ್ಲ. ತುಪ್ಪ ಸಾಕೇ ಅಂತ ಅವನು ಕೇಳಿದ, ಇನ್ನೊಂದಿಷ್ಟು ಹಾಕ್ರಿ ಅಂದಳು ಸುನೀತಕ್ಕ. ತಿಂದು, ನನ್ನ ಹತ್ತಿರ ಬಂದು, ಹೊದಿಕೆ ಸರಿಮಾಡಿ ಹೋದಳು.

ಗುರುವಾರ ಒಪ್ಪತ್ತು. ಬುಧವಾರ ಏಕಾದಶಿ. ಮನೆಗೆ ಒಯ್ದ ಉಂಡಿ ಮಲ್ಲಮ್ಮನ ಮಕ್ಕಳಿಗೆ. ನನಗೆ ಕೊಟ್ಟಿದ್ದಾಳೆ, ಕೈತುಂಬ ಕೊಟ್ಟಿದ್ದಾಳೆ. ನನ್ನಿಂದ ಒಂದು ಚೂರೂ ತೆಗೆದುಕೊಂಡಿಲ್ಲ.

ಎದೆ ನೋಯುತ್ತಿದೆ. ಇದು ಸೋಂಕಿನದಲ್ಲ.

ಆಗಸ್ಟ್ 23, ಶುಕ್ರವಾರ

ನಿನ್ನೆಯಿಂದ ಡ್ಯೂಟಿ. ಮಾತ್ರೆ ಇನ್ನೂ ಇವೆ. ಕೀಲಿಕೈಯನ್ನು ನಿನ್ನೆ ಒಂದೇ ದಿನ ನಾಲ್ಕು ಸಲ ಕೇಳಿದೆ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ. ಖಾದರಬಿಗೆ ಕಿರಿಕಿರಿಯಾಗಿ ಇವತ್ತು ಬಾಗಿಲ ಪಕ್ಕ ಒಂದು ಮೊಳೆ ಹೊಡೆಸಿ ಅದಕ್ಕೇ ತೂಗುಹಾಕಿದ್ದಾರೆ.

ಸುನೀತಕ್ಕನ ಮುಖ ನೋಡಲು ಆಗುತ್ತಿಲ್ಲ. ಆಕೆ ಮೊದಲಿನಂತೆಯೇ. ತಂಗಿ ತಂಗಿ ಅನ್ನುತ್ತಾಳೆ, ನನ್ನ ಪಾಲಿನ ಬಿಪಿ ತಾನೇ ನೋಡಿ ಬರುತ್ತಾಳೆ. ನಾನು ತಪ್ಪು ತಿಳಿದಿರಬಹುದು. ಒಬ್ಬರ ವಿಷಯದಲ್ಲಿ ಪೂರ್ತಿ ತಪ್ಪಿದ್ದೇನೆ, ಇನ್ನೊಬ್ಬರ ವಿಷಯದಲ್ಲೂ ತಪ್ಪಬಾರದು ಅಂತಿಲ್ಲ. ಅವ್ವನ ಬುದ್ಧಿ ಕೇಳಿದರೆ ಸುಮ್ಮನಿರಬೇಕು. ಸುಮ್ಮನಿದ್ದು ಏನಾಯಿತು ಅಂತ ಗೊತ್ತಿದೆ.

ಈ ತಿಂಗಳು ಮುಗಿಯುತ್ತ ಬಂತು. ಬಿಡುವುದೋ ಇರುವುದೋ ಇನ್ನೂ ನಿರ್ಧಾರವಾಗಿಲ್ಲ. ಮೊದಲು ಬಿಡಬೇಕು ಅಂದುಕೊಂಡಿದ್ದು ಖಾದರಬಿಯ ಕಾರಣಕ್ಕೆ. ಈಗ ಇರಬೇಕು ಅನ್ನಿಸಿದರೆ ಅದೂ ಅವರ ಕಾರಣಕ್ಕೇ.

ಆಗಸ್ಟ್ 26, ಸೋಮವಾರ, ಸಂಜೆ

ಕೇಳಿದೆ.

ಖಾದರಬಿ ಇವತ್ತು ನಮ್ಮಿಬ್ಬರನ್ನೂ ಒಟ್ಟಿಗೆ ಊಟಕ್ಕೆ ಕಳಿಸಿದರು, ವಾರ್ಡು ಖಾಲಿ ಇತ್ತು. ಸುನೀತಕ್ಕ ತನ್ನ ಡಬ್ಬಿ ನನ್ನ ಕಡೆ ಸರಿಸಿದಳು. ಬದನೆಕಾಯಿ ಎಣ್ಣೆಗಾಯಿ. ನಾನು ಕೈ ಹಾಕಲಿಲ್ಲ.

"ನಮ್ಮ ಮನಿ ರೊಟ್ಟಿ ನೀವ್ ಯಾಕ ಉಣ್ಣೂದಿಲ್ರಿ ಅಕ್ಕಾ?"

"ಸೋಮವಾರ ಐತಲ್ಲ..."

"ನಿಮ್ಮ ಡಬ್ಬಿ ತಗದೈತ್ರಿ."

ಡಬ್ಬಿಯ ಕಡೆ ನೋಡಿದಳು. ಮುಖ ಕೆಂಪಾಯಿತು. ಆಮೇಲೆ ಹೇಳಿದಳು, ನನ್ನ ಕಡೆ ನೋಡದೆ. "ನನಗೇನ ಇಲ್ಲ ತಂಗಿ. ಖರೇನ ಇಲ್ಲ. ಮನ್ಯಾಗ ಅತ್ತಿ ಅದಾರ. ಸಂಜಿಕ ಹೋದ ಕೂಡ್ಲೆ ಕೇಳ್ತಾರ, ಯಾರ ಹಂತ್ಯಾಕ ಉಂಡಿ, ಯಾರ ಡಬ್ಬ್ಯಾಗಿಂದು ಅಂತ."

"ಹೇಳದಿದ್ರ ಆತಲ್ರಿ."

"ನನಗ ಸುಳ್ಳ ಹೇಳಾಕ ಬರೂದಿಲ್ಲ."

ಹಾಗಾದರೆ ಇಷ್ಟು ದಿನ ನನಗೆ ಹೇಳಿದ್ದು ಏನು? ಬಾಯಿಗೆ ಬಂತು. ಆಡಿದೆ ಕೂಡ. ಆಕೆ ಸೆರಗು ಮುಖಕ್ಕೆ ಹಿಡಿದಳು. ನನಗೆ ಕರುಣೆ ಬರಲಿಲ್ಲ. ಬರಬೇಕಿತ್ತೋ ಏನೋ, ಬರಲಿಲ್ಲ.

ಅಷ್ಟರಲ್ಲಿ ಖಾದರಬಿ ಕೂಗಿದರು. ಟ್ರ್ಯಾಕ್ಟರಿನಿಂದ ಬಿದ್ದ ಒಬ್ಬ ಹೆಂಗಸನ್ನು ತಂದಿದ್ದರು. ಇಬ್ಬರೂ ಓಡಿದೆವು. ಸುನೀತಕ್ಕ ತಲೆಯ ಕಡೆ, ನಾನು ಕಾಲ ಕಡೆ ಹಿಡಿದು ಬೆಡ್ಡಿಗೆ ಹಾಕಿದೆವು. ಸುನೀತಕ್ಕ ಕೈ ಚಾಚಿದ ಕೂಡಲೇ ನಾನು ಬ್ಯಾಂಡೇಜು ಇಟ್ಟೆ, ನಾನು ಕೇಳುವ ಮೊದಲೇ ಆಕೆ ಕತ್ತರಿ ಕೊಟ್ಟಳು. ಒಂದು ತಾಸು ಹೀಗೇ. ಕೆಲಸದಲ್ಲಿ ನಮ್ಮಿಬ್ಬರಂಥ ಜೋಡಿ ಈ ಆಸ್ಪತ್ರೆಯಲ್ಲಿ ಇಲ್ಲ. ಅದಕ್ಕೇ ಹೆಚ್ಚು ನೋವು.

ಹೆಂಗಸು ಉಳಿದಳು. ಹೊರಗೆ ಬಂದ ಮೇಲೆ ಖಾದರಬಿ ನನ್ನ ಬೆನ್ನ ಮೇಲೆ ಒಂದು ಏಟು ಹಾಕಿ, "ಮುಂದಿನ ತಿಂಗಳ ಪಾಳಿ ಬರೀಲಿಕತ್ತೀನಿ, ನಿನ್ನ ಹೆಸರು ಹಾಕಲೋ ಬ್ಯಾಡೋ?" ಅಂದರು. ಬಿಡಬೇಕು ಅಂದುಕೊಂಡದ್ದು ಇವರಿಗೆ ಹೇಗೆ ಗೊತ್ತು? ಹಾಕ್ರಿ ಅಂದೆ. ಅಷ್ಟು ಸಲೀಸಾಗಿ ಬಾಯಿಂದ ಬಂದದ್ದು ನೋಡಿ ನನಗೇ ಆಶ್ಚರ್ಯ.

ಬಸ್ಸಿಗೆ ಹೊರಟಾಗ ಸುನೀತಕ್ಕ ಗೇಟಿನವರೆಗೆ ಬಂದಳು. "ನಾಳಿ ನನಗೂ ಎರಡ ರೊಟ್ಟಿ ತಾ" ಅಂದಳು.

"ಮನಿಗೆ ಒಯ್ಯಾಕಾದ್ರ ತರೂದಿಲ್ರಿ. ಇಲ್ಲೇ, ನನ್ನ ಎದರಿಗೆ ಕುಂತು ಉಣ್ಣೂದಾದ್ರ ತರ್ತೀನಿ."

ಆಕೆ ರಸ್ತೆ ನೋಡಿದಳು. ಊರಿನ ಮಂದಿ ಓಡಾಡುತ್ತಿದ್ದರು. "ಹೂಂ" ಅಂದಳು.

ಆ ಹೂಂ ಎಷ್ಟು ಗಟ್ಟಿ, ನನಗೆ ಗೊತ್ತಿಲ್ಲ. ಉಣ್ಣಬಹುದು. ಇವತ್ತು ಇಡೀ ರಾತ್ರಿ ಅತ್ತೆಯ ಮುಖ ನೆನೆದು, ನಾಳೆ ಹೊಟ್ಟೆನೋವು ಅನ್ನಬಹುದು. ರೊಟ್ಟಿ ನಮ್ಮಿಬ್ಬರ ನಡುವೆ ತಣ್ಣಗಾಗಿ, ನಾನು ಅವೆರಡನ್ನೂ ಹಾಗೇ ಕಟ್ಟಿಕೊಂಡು ಇದೇ ಬಸ್ಸಿನಲ್ಲಿ ವಾಪಸು ತರಬೇಕಾಗಬಹುದು. ಆಗ ಅವ್ವ ಡಬ್ಬಿ ತೆಗೆದು ನೋಡುತ್ತಾಳೆ. ಆ ಹೊತ್ತು ನನಗೆ ಬೇಡ.

ಒಲೆಯ ಮುಂದಿನಿಂದ ಅವ್ವ ಕೂಗುತ್ತಿದ್ದಾಳೆ. "ನೇತ್ರಾ, ನಾಳಿಗೆ ಎಷ್ಟ ರೊಟ್ಟಿ ಬಡೀಲಿ? ದಿನದಷ್ಟ ಸಾಕೇನು?"

ಎರಡನೆಯ ಸಲ ಕೂಗಿದಳು. ಸಾಕು ಅನ್ನಲು ಬಾಯಿ ತೆರೆದೆ, ಬಂದದ್ದು ಬೇರೆಯೇ ಮಾತು — "ಎರಡ ಹೆಚ್ಚಿಗಿ ಬಡಿ ಅವ್ವಾ."